ಕಂಪ್ಯೂಟರಿನ ಮೊದಲ ನಿಮಿಷ

ರೇಡಿಯೊದ ಮುಳ್ಳನ್ನು ಎರಡು ನಿಲಯಗಳ ನಡುವೆ ತಂದು ನಿಲ್ಲಿಸಿದರೆ ಕೇಳಿಸುವ ಕರಕರ ಸದ್ದು ನಿಮಗೆಲ್ಲ ಪರಿಚಿತವಾದುದೇ. ಮಳೆಗಾಲದಲ್ಲಿ ದೂರದಲ್ಲೆಲ್ಲೊ ಮಿಂಚು ಹೊಡೆದಾಗ ಅದು ಇನ್ನಷ್ಟು ಹೆಚ್ಚುತ್ತದೆ. ವಾರ್ತೆಗೋ ಸಂಗೀತಕ್ಕೋ ಕಾದು ಕುಳಿತವರಿಗೆ ಇದು ಬರಿಯ ಕಿರಿಕಿರಿ. ಆದರೆ ಈ ಸದ್ದಿಗೆ ಒಂದು ವಿಶೇಷ ಗುಣವುಂಟು. ಮರುಕ್ಷಣ ಅದು ಏರುವುದೊ ಇಳಿಯುವುದೊ ಎಂಬುದನ್ನು ಯಾವ ಪಂಡಿತನೂ ಮುಂದಾಗಿ ಹೇಳಲಾರ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಇದೇ ಸದ್ದನ್ನು ರೇಡಿಯೊದಿಂದ ಹಿಡಿದು, ಅದನ್ನು ಸಂಖ್ಯೆಗಳಾಗಿ ಮಾಡಿ ಲೋಕಕ್ಕೆ ಹಂಚುವ ಸೇವೆಯೊಂದು 1998ರಲ್ಲಿ ಆರಂಭವಾಯಿತು. ನಮಗೆ ಬೇಡವಾದ ಗದ್ದಲ ಅವರಿಗೇಕೆ ಬೇಕಾಯಿತು? ಊಹೆಗೆ ನಿಲುಕದ ವಸ್ತುವಿಗೆ ಅಂತಹ ಬೆಲೆ ಎಲ್ಲಿಂದ ಬಂತು?

ಉತ್ತರವನ್ನು ಹುಡುಕಿಕೊಂಡು ಡಬ್ಲಿನ್ನಿಗೆ ಹೋಗಬೇಕಾಗಿಲ್ಲ. ಇಂದು ಕಲ್ಲಡ್ಕ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಂತಹ ಪೇಟೆಗಳ ಮನೆಗಳಲ್ಲಿ ಗೋಡೆಯ ಮೇಲೊ ಕಪಾಟಿನ ತಲೆಯ ಮೇಲೊ ಅಂಗೈಯಗಲದ ಒಂದು ಪೆಟ್ಟಿಗೆ ಕುಳಿತಿರುವುದನ್ನು ಕಾಣುತ್ತೇವೆ. ಮುಖದಲ್ಲಿ ಮಿಣುಕು ದೀಪಗಳು, ಬೆನ್ನಿಗೆ ಒಂದೆರಡು ತಂತಿಗಳು. ಹೊರಗಿನಿಂದ ಬಂದ ಇಂಟರ್ನೆಟ್ಟನ್ನು ಮನೆಯ ಫೋನುಗಳಿಗೆಲ್ಲ ಹಂಚುವುದು ಅದರ ಕೆಲಸ. ರೌಟರ್ ಎಂದು ಅದರ ಹೆಸರು. ನೋಡಲು ಸಣ್ಣದಾದರೂ ಅದೊಂದು ಪೂರ್ಣ ಪ್ರಮಾಣದ ಕಂಪ್ಯೂಟರು. ಅದಕ್ಕೂ ಒಂದು ಆಪರೇಟಿಂಗ್ ಸಿಸ್ಟಮ್, ಎಂದರೆ ಯಂತ್ರದೊಳಗಿನ ಮನೆವಾರ್ತೆಯನ್ನೆಲ್ಲ ನೋಡಿಕೊಳ್ಳುವ ಮೂಲ ಕಾರ್ಯಕ್ರಮ, ಇದ್ದೇ ಇರುತ್ತದೆ. ಸ್ವಿಚ್ಚು ಹಾಕಿದ ಮೇಲೆ ಆ ಕಾರ್ಯಕ್ರಮ ಕಣ್ಣು ತೆರೆದು, ಮೈಮುರಿದು, ಕೆಲಸಕ್ಕೆ ನಿಲ್ಲುವುದಕ್ಕೆ ಒಂದು ನಿಮಿಷ ಹಿಡಿಯುತ್ತದೆನ್ನಿ. ಆ ಒಂದು ನಿಮಿಷದಲ್ಲಿ ನಡೆಯುವ ಸಂಗತಿಯೇ ಇಲ್ಲಿಯ ವಿಷಯ.

ಆ ನಿಮಿಷದಲ್ಲಿ ಯಂತ್ರವು ಮಾಡುವ ಹಲವು ಕೆಲಸಗಳಲ್ಲಿ ಒಂದು, ತನಗೆ ಬೇಕಾದ ಗುಪ್ತ ಕೀಲಿಗಳನ್ನು ತಾನೇ ತಯಾರಿಸಿಕೊಳ್ಳುವುದು. ಕಂಪ್ಯೂಟರಿನ ಕೀಲಿಯೆಂದರೆ ಹಿತ್ತಾಳೆಯದಲ್ಲ, ಕಬ್ಬಿಣದ್ದಲ್ಲ. ಅದೊಂದು ಬಹು ದೊಡ್ಡ ಸಂಖ್ಯೆ. ಬೀಗದ ರಚನೆ ಏನು, ಅದು ಹೇಗೆ ತಿರುಗುತ್ತದೆ ಎಂಬುದೆಲ್ಲ ಪುಸ್ತಕಗಳಲ್ಲಿ ಬಹಿರಂಗವಾಗಿಯೇ ಇದೆ. ಗುಟ್ಟು ಇರುವುದು ಆ ಸಂಖ್ಯೆಯಲ್ಲಿ ಮಾತ್ರ. ಅದನ್ನು ಬೇರೆಯವರು ಊಹಿಸಲಾರದಿದ್ದರೆ ಬಾಗಿಲು ಭದ್ರ. ಊಹಿಸಬಲ್ಲರಾದರೆ ಬೀಗ ಎಷ್ಟು ಗಟ್ಟಿಯಾಗಿದ್ದರೂ ವ್ಯರ್ಥ.

ಊಹಿಸಲಾರದ ಸಂಖ್ಯೆ ಎಂಬುದನ್ನು ಅಳೆಯುವುದು ಹೇಗೆ? ಒಂದು ನಾಣ್ಯವನ್ನು ಚಿಮ್ಮಿದರೆ ಈ ಮುಖ ಬೀಳಬಹುದು, ಇಲ್ಲವೆ ಆ ಮುಖ ಬೀಳಬಹುದು. ಇಷ್ಟು ಅನಿಶ್ಚಿತತೆಗೆ ಒಂದು ಬಿಟ್ ಎನ್ನುತ್ತಾರೆ. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ 1,024 ಬಗೆಯ ಫಲಗಳು ಸಾಧ್ಯ. ಇಪ್ಪತ್ತು ಸಲ ಚಿಮ್ಮಿದರೆ ಹತ್ತು ಲಕ್ಷಕ್ಕೆ ಮೀರುತ್ತದೆ. 128 ಸಲ ಚಿಮ್ಮಿದರೆ ಬರುವ ಲೆಕ್ಕವನ್ನು ಬರೆಯಲು 39 ಅಂಕಿಗಳು ಬೇಕು. ಅಷ್ಟನ್ನು ಒಂದೊಂದಾಗಿ ಪರೀಕ್ಷಿಸಿ ನೋಡುವುದು ಇಂದಿನ ಯಾವ ಯಂತ್ರಸಮೂಹಕ್ಕೂ ಆಗದ ಕೆಲಸ. ಆದುದರಿಂದ ಭದ್ರವಾದ ಕೀಲಿಗೆ ಕನಿಷ್ಠ ನೂರಿಪ್ಪತ್ತೆಂಟು, ಇನ್ನೂ ಒಳ್ಳೆಯದೆಂದರೆ ಇನ್ನೂರೈವತ್ತಾರು ಬಿಟ್ಟುಗಳಷ್ಟು ನಿಜವಾದ ಅನಿಶ್ಚಿತತೆ ಬೇಕೆಂದು ಬಲ್ಲವರು ಹೇಳುತ್ತಾರೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಚುನಾವಣೆಯ ಕಾಲದಲ್ಲಿ ಯಾವ ಮತಯಂತ್ರ ಯಾವ ಮತಗಟ್ಟೆಗೆ, ಯಾವ ಸಿಬ್ಬಂದಿ ಎಲ್ಲಿಗೆ ಎಂಬುದನ್ನು ಕಂಪ್ಯೂಟರಿನಿಂದ ಚೀಟಿ ಎತ್ತಿದಂತೆ ಹಂಚುತ್ತಾರೆ. ಅಲ್ಲಿ ಬೇಕಾದುದು ಪಕ್ಷಪಾತವಿಲ್ಲದಿರುವುದು. ಹಂಚಿಕೆಯಾದ ಮೇಲೆ ಅದು ಹತ್ತು ಮಂದಿಗೆ ತಿಳಿದರೂ ಬಾಧಕವಿಲ್ಲ. 1927ರಲ್ಲಿ ಟಿಪೆಟ್ ಎಂಬ ಆಂಗ್ಲ ಸಂಖ್ಯಾಶಾಸ್ತ್ರಜ್ಞರು 41,600 ಅಂಕಿಗಳನ್ನು ಗೊತ್ತುಗುರಿಯಿಲ್ಲದಂತೆ ಜೋಡಿಸಿ ಪುಸ್ತಕವನ್ನೇ ಅಚ್ಚುಹಾಕಿಸಿದರು. 1955ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಿಂದ ಹತ್ತು ಲಕ್ಷ ಅಂಕಿಗಳ ಪುಸ್ತಕ ಬಂತು. ಸಮೀಕ್ಷೆಗೆ, ಪ್ರಯೋಗಕ್ಕೆ ಅವು ಬಹಳ ಉಪಯುಕ್ತ. ಆದರೆ ಅಂತಹ ಪುಸ್ತಕದಿಂದ ಕೀಲಿ ಮಾಡಿದರೆ ಪುಸ್ತಕ ಕೊಂಡವರಿಗೆಲ್ಲ ಕೀಲಿ ಕೊಟ್ಟಂತೆಯೇ. ಗುಟ್ಟಿಗೆ ಬೇಕಾದ ಸಂಖ್ಯೆ ಗೊತ್ತುಗುರಿಯಿಲ್ಲದ್ದಾದರೆ ಸಾಲದು. ಅದು ಮತ್ತೊಬ್ಬರ ಕೈಗೆ ಸಿಕ್ಕದ್ದೂ ಆಗಿರಬೇಕು.

ಸರಿ, ಕಂಪ್ಯೂಟರಿಗೆ ಲೆಕ್ಕ ಬರುತ್ತದಲ್ಲ, ಅದು ತಾನೇ ಅಂತಹ ಸಂಖ್ಯೆಯನ್ನು ಹುಟ್ಟಿಸಬಾರದೆ ಎಂದು ನೀವು ಕೇಳಬಹುದು. ಕಷ್ಟವಿರುವುದು ಅಲ್ಲಿಯೇ. ಆಟಿ ತಿಂಗಳ ಮಳೆಯಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಆಡುವ ಚೆನ್ನೆಮಣೆಯನ್ನು ನೆನೆಸಿಕೊಳ್ಳಿ. ಹದಿನಾಲ್ಕು ಕುಳಿಗಳು, ಕುಳಿಗೆ ನಾಲ್ಕರಂತೆ ಐವತ್ತಾರು ಬೀಜಗಳು. ಅಲ್ಲಿ ದಾಳವಿಲ್ಲ, ಕವಡೆಯಿಲ್ಲ. ಯಾವ ಕುಳಿಯಿಂದ ಬೀಜ ಎತ್ತಿದರೆಂದು ಗೊತ್ತಾದರೆ ಸಾಕು, ಕೊನೆಯ ಬೀಜ ಎಲ್ಲಿ ಬೀಳುತ್ತದೆ ಎಂಬುದನ್ನು ಎಣಿಸಿಯೇ ಹೇಳಬಹುದು. ಅದೇ ನಡೆಗಳನ್ನು ಮೂಡುಬಿದಿರೆಯಲ್ಲಿ ನಡೆಸಿದರೂ ಅಷ್ಟೇ, ಕಲ್ಲಡ್ಕದಲ್ಲಿ ನಡೆಸಿದರೂ ಅಷ್ಟೇ. ಮಣೆಯ ಸ್ಥಿತಿ ಒಂದೇ ಆಗಿರುತ್ತದೆ. ಕಂಪ್ಯೂಟರು ಈ ಚೆನ್ನೆಮಣೆಯ ಜಾತಿಯದು, ಪಗಡೆಯ ಜಾತಿಯದಲ್ಲ. ಹೇಳಿದ್ದನ್ನು ಹೇಳಿದಂತೆಯೇ ಮಾಡುವುದು ಅದರ ಸ್ವಭಾವ, ಅದೇ ಅದರ ಹೆಚ್ಚಳ. ಮೊದಲು ಇಟ್ಟ ಬೀಜಸಂಖ್ಯೆಯಿಂದ ಅದು ಲಕ್ಷಾಂತರ ಅಂಕಿಗಳನ್ನು ಬೆಳೆಸಬಲ್ಲುದು. ನೋಡುವವರಿಗೆ ಆ ಬೆಳೆ ಗೊಂದಲದ ರಾಶಿಯಂತೆಯೇ ಕಾಣುವುದು. ಆದರೆ ಬೀಜವನ್ನು ಬಲ್ಲವನು ಬೆಳೆಯನ್ನೆಲ್ಲ ಬಲ್ಲ. ಆದುದರಿಂದ ಆ ಮೊದಲ ಬೀಜವಾದರೂ ಲೆಕ್ಕದ ಹೊರಗಿನಿಂದ, ಪ್ರಪಂಚದ ಗದ್ದಲದಿಂದ ಬರಬೇಕು.

ಈ ಗದ್ದಲವನ್ನು ಯಂತ್ರ ಎಲ್ಲಿಂದ ತರುತ್ತದೆ? 1994ರಲ್ಲಿ ಥಿಯೊಡೋರ್ ಸೋ ಎಂಬ ತಜ್ಞರು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿಗೆ ಒಂದು ಉಪಾಯವನ್ನು ಸೇರಿಸಿದರು. ನೀವು ಒಂದು ಅಕ್ಷರವನ್ನು ಒತ್ತಿ ಇನ್ನೊಂದನ್ನು ಒತ್ತುವುದರ ನಡುವೆ ಎಷ್ಟು ಹೊತ್ತು ಕಳೆಯಿತು, ಮೌಸು ಎತ್ತ ಸರಿಯಿತು, ತಿರುಗುವ ಡಿಸ್ಕು ಮಾಹಿತಿಯನ್ನು ತಂದುಕೊಡಲು ಎಷ್ಟು ತಡೆಯಿತು, ಹೊರಗಿನ ಸಂದೇಶ ಯಾವ ಗಳಿಗೆಯಲ್ಲಿ ಬಂತು—ಇವನ್ನೆಲ್ಲ ಸೆಕೆಂಡಿನ ಅತಿ ಸಣ್ಣ ಭಾಗಗಳವರೆಗೆ ಅಳೆದು, ಆ ಅಳತೆಗಳ ಕೊನೆಯ ಅಂಕಿಗಳನ್ನು ಒಂದು ತೊಟ್ಟಿಯಲ್ಲಿ ಹಾಕಿ ಕಲಕುತ್ತ ಹೋಗುವುದು. ಹನಿಗೂಡಿ ಹಳ್ಳ ಎನ್ನುವಂತೆ ಸ್ವಲ್ಪ ಹೊತ್ತಿನಲ್ಲಿ ತೊಟ್ಟಿಯಲ್ಲಿ ಸಾಕಷ್ಟು ಅನಿಶ್ಚಿತತೆ ಸೇರುತ್ತದೆ. ಒಮ್ಮೆ ಸೇರಿದ ಮೇಲೆ ಚಿಂತೆಯಿಲ್ಲ. ಅಲ್ಲಿಂದ ಮುಂದೆ ಎಷ್ಟು ಬೇಕಾದರೂ ಮೊಗೆಯಬಹುದು.

ಆದರೆ ಮೊದಲ ನಿಮಿಷದಲ್ಲಿ? ಆಗ ತೊಟ್ಟಿ ಬರಿದು. ಮೇಜಿನ ಮೇಲಿನ ಕಂಪ್ಯೂಟರಿಗಾದರೆ ಒಡೆಯನು ಬಂದು ಕೀಲಿಮಣೆಯನ್ನು ಮುಟ್ಟುತ್ತಾನೆ. ಗೋಡೆಯ ಮೇಲಿನ ರೌಟರಿಗೆ ಕೀಲಿಮಣೆಯಿಲ್ಲ, ಮೌಸಿಲ್ಲ, ತಿರುಗುವ ಡಿಸ್ಕೂ ಇಲ್ಲ. ಹೊರಗಿನ ಸಂದೇಶಗಳು ಬರತೊಡಗುವುದು ಆಮೇಲೆ. ಗಡಿಯಾರವಾದರೂ ಉಂಟೆ ಎಂದರೆ, ಈ ಜಾತಿಯ ಅನೇಕ ಪೆಟ್ಟಿಗೆಗಳಲ್ಲಿ ಗಡಿಯಾರವನ್ನು ನಡೆಸುವ ಬ್ಯಾಟರಿಯೇ ಇರುವುದಿಲ್ಲ. ವಿದ್ಯುತ್ತು ಹೋಗಿ ಬಂದರೆ ಅವು ಮತ್ತೆ 1970ರ ಜನವರಿ 1ನೆಯ ತಾರೀಖಿನಿಂದಲೋ, ಕಾರ್ಖಾನೆಯಲ್ಲಿ ನಿಗದಿಮಾಡಿದ ಮತ್ತೊಂದು ದಿನದಿಂದಲೋ ಎಣಿಸಲು ತೊಡಗುತ್ತವೆ. ಮಳೆಗಾಲದಲ್ಲಿ ಇಡೀ ಪೇಟೆಯ ಕರೆಂಟು ಒಮ್ಮೆಗೇ ಹೋಗಿ ಒಮ್ಮೆಗೇ ಬರುವುದು ನಮಗೆ ಹೊಸತಲ್ಲ. ಆಗ ಒಂದೇ ಕಾರ್ಖಾನೆಯ ಹತ್ತಾರು ಪೆಟ್ಟಿಗೆಗಳು ಒಂದೇ ಕ್ಷಣದಲ್ಲಿ, ಒಂದೇ ತಾರೀಖಿನೊಡನೆ, ಒಂದೇ ಹೆಜ್ಜೆ ಇಡುತ್ತ ಏಳುತ್ತವೆ. ಚೆನ್ನೆಮಣೆಯ ಮಾತನ್ನು ಇಲ್ಲಿ ನೆನೆಯಿರಿ: ಒಂದೇ ಮಣೆ, ಒಂದೇ ನಡೆ, ಒಂದೇ ಫಲ.

ಇದು ಬರಿಯ ಶಂಕೆಯಲ್ಲ. 1995ರಲ್ಲಿ ನೆಟ್‌ಸ್ಕೇಪ್ ಎಂಬ ಅಂದಿನ ಪ್ರಸಿದ್ಧ ಬ್ರೌಸರಿನ ಬೀಜವು ದಿನದ ಹೊತ್ತು ಮತ್ತು ಯಂತ್ರದೊಳಗಿನ ಎರಡು ಸಣ್ಣ ಕ್ರಮಸಂಖ್ಯೆಗಳಿಂದ ಮಾಡಿದ್ದೆಂದು ಅಮೆರಿಕದ ಬರ್ಕ್‌ಲಿಯ ಇಬ್ಬರು ವಿದ್ಯಾರ್ಥಿಗಳು, ಇಯಾನ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ವ್ಯಾಗ್ನರ್, ಕಂಡುಹಿಡಿದರು. ಹೊತ್ತನ್ನು ಯಾರು ಬೇಕಾದರೂ ಅಂದಾಜು ಮಾಡಬಹುದಷ್ಟೆ. 2008ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಬಳಗದಲ್ಲಿ ಇನ್ನೊಂದು ದೋಷ ಹೊರಬಿತ್ತು. ಎರಡು ವರ್ಷಗಳ ಹಿಂದೆ ಯಾರೊ ಒಂದು ಸಾಲನ್ನು ತೆಗೆದುಹಾಕಿದ್ದರಿಂದ, ಕೋಟ್ಯನುಕೋಟಿ ಕೀಲಿಗಳು ಹುಟ್ಟಬೇಕಾದಲ್ಲಿ ಒಂದೊಂದು ಬಗೆಗೆ ಮೂವತ್ತಮೂರು ಸಾವಿರಕ್ಕೂ ಕಡಿಮೆ ಕೀಲಿಗಳು ಮಾತ್ರ ಹುಟ್ಟುತ್ತಿದ್ದವು.

2012ರಲ್ಲಿ ನಾಡಿಯಾ ಹೆನಿಂಜರ್, ಜಾಕಿರ್ ಡುರುಮೆರಿಕ್, ಎರಿಕ್ ವುಸ್ಟ್ರೋ, ಅಲೆಕ್ಸ್ ಹಾಲ್ಡರ್‌ಮನ್ ಎಂಬ ನಾಲ್ವರು ಇಡೀ ಇಂಟರ್ನೆಟ್ಟಿನ ವಿಳಾಸಗಳನ್ನು ತಟ್ಟಿ, ಅಲ್ಲಿದ್ದ ಬಹಿರಂಗ ಕೀಲಿಗಳನ್ನೆಲ್ಲ ಸಂಗ್ರಹಿಸಿದರು. ಇಂತಹ ಕೀಲಿಯಲ್ಲಿ ಎರಡು ಭಾಗಗಳಿರುತ್ತವೆ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಬಂದ ಗುಣಲಬ್ಧವನ್ನು ಎಲ್ಲರಿಗೂ ತೋರಿಸಬಹುದು. ಆ ಎರಡು ಸಂಖ್ಯೆಗಳನ್ನು ಮಾತ್ರ ಗುಟ್ಟಾಗಿಡಬೇಕು. ಗುಣಲಬ್ಧದಿಂದ ಹಿಂದಕ್ಕೆ ಹೋಗಿ ಅವನ್ನು ಬಿಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಆದರೆ ಎರಡು ಪೆಟ್ಟಿಗೆಗಳು ಒಂದೇ ಬೀಜದಿಂದ ಎದ್ದು, ಮೊದಲ ಅವಿಭಾಜ್ಯ ಸಂಖ್ಯೆಯನ್ನು ಒಂದೇ ಆಗಿ ಆರಿಸಿಕೊಂಡು, ಆಮೇಲೆ ಗಡಿಯಾರದ ಸಣ್ಣ ವ್ಯತ್ಯಾಸದಿಂದ ಎರಡನೆಯದನ್ನು ಬೇರೆಯಾಗಿ ಆರಿಸಿದರೆ ಏನಾಗುತ್ತದೆ?

ಸಣ್ಣ ಸಂಖ್ಯೆಗಳಲ್ಲಿ ನೋಡೋಣ. ಒಂದು ಪೆಟ್ಟಿಗೆಯ ಗುಣಲಬ್ಧ 323, ಇನ್ನೊಂದರದು 391. ಶಾಲೆಯಲ್ಲಿ ಕಲಿತ ಮ.ಸಾ.ಅ. ಕ್ರಮವನ್ನು ನೆನಪಿಗೆ ತಂದುಕೊಳ್ಳಿ. 391ರಲ್ಲಿ 323 ಕಳೆದರೆ 68. 323ನ್ನು 68ರಿಂದ ಭಾಗಿಸಿದರೆ ಉಳಿಯುವುದು 51. 68ರಲ್ಲಿ 51 ಕಳೆದರೆ 17. 51ರಲ್ಲಿ 17 ಶೇಷವಿಲ್ಲದೆ ಹೋಗುತ್ತದೆ. ಎರಡಕ್ಕೂ ಸಾಮಾನ್ಯವಾದ ಸಂಖ್ಯೆ 17 ಎಂದಾಯಿತು. ಕೂಡಲೇ ಮೊದಲನೆಯದು 17 ಮತ್ತು 19, ಎರಡನೆಯದು 17 ಮತ್ತು 23 ಎಂದು ಎರಡೂ ಬೀಗಗಳು ಒಟ್ಟಿಗೇ ತೆರೆದುಕೊಳ್ಳುತ್ತವೆ. ಒಂಟಿಯಾಗಿದ್ದಾಗ ಒಡೆಯಲಾಗದ ಎರಡು ಬೀಗಗಳನ್ನು ಅಕ್ಕಪಕ್ಕ ಇಟ್ಟದ್ದರಿಂದಲೇ ಒಡೆಯಲಾಯಿತು. ಸಂಖ್ಯೆಗಳು ನೂರಾರು ಅಂಕಿಗಳಷ್ಟು ಉದ್ದವಿದ್ದರೂ ಈ ಲೆಕ್ಕ ಕಂಪ್ಯೂಟರಿಗೆ ಚಿಟಿಕೆ ಹೊಡೆಯುವಷ್ಟು ಸುಲಭ. ಈ ರೀತಿಯಿಂದ ಆ ನಾಲ್ವರು ತಾವು ನೋಡಿದ ಭದ್ರ ಸಂಪರ್ಕದ ಯಂತ್ರಗಳಲ್ಲಿ ಸುಮಾರು ಇನ್ನೂರಕ್ಕೆ ಒಂದರ ಗುಟ್ಟನ್ನು ಬಿಡಿಸಿಬಿಟ್ಟರು. ಅವುಗಳಲ್ಲಿ ಬಹುತೇಕ ರೌಟರುಗಳು, ಕಾವಲು ಪೆಟ್ಟಿಗೆಗಳು ಮೊದಲಾದ ಕೀಲಿಮಣೆಯಿಲ್ಲದ ಸಣ್ಣ ಯಂತ್ರಗಳೇ.

ಇನ್ನೂ ಸ್ವಾರಸ್ಯವಾದುದು ಅವರು ಕಂಡ ಕಾರಣ. ಕಲ್ಲಡ್ಕದ ಕೆ.ಟಿ.ಯನ್ನು ನೀವು ಬಲ್ಲಿರಿ. ಗಾಜಿನ ಲೋಟದ ತಳದಲ್ಲಿ ಸಕ್ಕರೆ ಹಾಕಿದ ಹಾಲು, ಅದರ ಮೇಲೆ ಬೇರೆಯಾಗಿಯೇ ನಿಂತ ಡಿಕಾಕ್ಷನ್. ಲೋಟದಲ್ಲಿ ಚಹಕ್ಕೆ ಬೇಕಾದುದೆಲ್ಲ ಇದೆ. ಆದರೆ ಕಲಕದೆ ಮೊದಲ ಗುಟುಕು ಹೀರಿದವನಿಗೆ ಹಾಲೂ ಸಿಕ್ಕದು, ಸಕ್ಕರೆಯೂ ಸಿಕ್ಕದು. ಅಂದಿನ ಲಿನಕ್ಸಿನಲ್ಲೂ ಹೀಗೆಯೇ ಆಗಿತ್ತು. ಗದ್ದಲವನ್ನು ಕೂಡಿಸುವ ತೊಟ್ಟಿ ಒಂದು, ಮೊಗೆದು ಕೊಡುವ ತೊಟ್ಟಿ ಮತ್ತೊಂದು. ಮೊದಲನೆಯದರಲ್ಲಿ 192 ಬಿಟ್ಟುಗಳಷ್ಟು ಸೇರುವವರೆಗೆ ಎರಡನೆಯದಕ್ಕೆ ಅದನ್ನು ಸುರಿಯುತ್ತಿರಲಿಲ್ಲ. ಕೀಲಿ ಮಾಡುವ ಕಾರ್ಯಕ್ರಮವಾದರೊ ಅವಸರದಲ್ಲಿ ಬಂದು ಎರಡನೆಯ ತೊಟ್ಟಿಯಿಂದ ಮೊದಲೇ ಮೊಗೆದುಕೊಂಡು ಹೋಗುತ್ತಿತ್ತು. ಅನಿಶ್ಚಿತತೆ ಮನೆಯೊಳಗೆ ಬಂದಿದ್ದರೂ ಬೇಕಾದ ಕೈಗೆ ತಲುಪಿರಲಿಲ್ಲ. ಇದು ತಿಳಿದ ಮೇಲೆ ಅದೇ ವರ್ಷ ಲಿನಕ್ಸಿನಲ್ಲಿ ತಿದ್ದುಪಡಿಗಳಾದವು.

ಪರಿಹಾರಗಳೂ ಹಲವು ಬಂದಿವೆ. ಮೊದಲನೆಯದು ನಮ್ಮ ಮನೆಗಳಲ್ಲಿ ಹಾಲಿಗೆ ಹೆಪ್ಪು ಎತ್ತಿಡುವ ಕ್ರಮದಂತೆ. ಯಂತ್ರ ಮಲಗುವ ಮುನ್ನ ತೊಟ್ಟಿಯಿಂದ ಸ್ವಲ್ಪ ತೆಗೆದು ಕಡತದಲ್ಲಿಟ್ಟು, ಮರುದಿನ ಏಳುವಾಗ ಅದರಿಂದಲೇ ಆರಂಭಿಸುವುದು. ಇದು ಒಳ್ಳೆಯ ಉಪಾಯ. ಆದರೆ ಹೊಸ ಪೆಟ್ಟಿಗೆ ಮೊದಲ ಬಾರಿ ಏಳುವಾಗ ನಿನ್ನೆಯ ಹೆಪ್ಪು ಎಲ್ಲಿಂದ ಬರಬೇಕು? ಕಾರ್ಖಾನೆಯವರು ಒಂದೇ ಹೆಪ್ಪನ್ನು ಸಾವಿರ ಪೆಟ್ಟಿಗೆಗಳಿಗೂ ನಕಲು ಮಾಡಿ ಹಾಕಿದರೆ ಅದು ಇದ್ದೂ ಇಲ್ಲದಂತೆ.

ಎರಡನೆಯದು, ಗದ್ದಲವನ್ನು ಹುಟ್ಟಿಸುವ ಭಾಗವನ್ನೇ ಚಿಪ್ಪಿನೊಳಗೆ ಕಟ್ಟಿಕೊಡುವುದು. ವಿದ್ಯುತ್ತು ಹರಿಯುವಲ್ಲೆಲ್ಲ ಕಣಗಳ ಬಿಸಿಯ ಅಲುಗಾಟದಿಂದ ಸಣ್ಣ ಸದ್ದು ಇದ್ದೇ ಇರುತ್ತದೆ. ರೇಡಿಯೊದ ಕರಕರದಲ್ಲಿ ಅದರ ಪಾಲೂ ಉಂಟು. 1957ರಲ್ಲಿಯೇ ಬ್ರಿಟನ್ನಿನ ಸರಕಾರಿ ಬಹುಮಾನ ಬಾಂಡುಗಳಿಗೆ ಸಂಖ್ಯೆ ಎತ್ತಲು ಎರ್ನಿ ಎಂಬ ಯಂತ್ರವನ್ನು ನಿಲ್ಲಿಸಿ, ನಿಯಾನ್ ಕೊಳವೆಗಳ ಗದ್ದಲವನ್ನು ಬಳಸಿದ್ದರು. 2012ರಿಂದ ಇಂಟೆಲ್ ಸಂಸ್ಥೆಯ ಚಿಪ್ಪುಗಳಲ್ಲಿ ಇಂತಹ ಭಾಗ ಸೇರಿತು. ಆದರೆ ಮುಚ್ಚಿದ ಚಿಪ್ಪಿನೊಳಗೆ ಏನಿದೆಯೆಂದು ಹೊರಗಿನವರು ಪರೀಕ್ಷಿಸುವುದು ಕಷ್ಟ. ಆದುದರಿಂದ ಒಂದನ್ನೇ ನಂಬದೆ, ಹಲವು ಮೂಲಗಳನ್ನು ಕಲಸಿ ಬಳಸುವುದೇ ರೂಢಿಯಾಯಿತು. ಹೀಗೆ ಕಲಸಿದಾಗ ಒಂದು ಮೂಲ ಸೋತರೂ ಉಳಿದವು ಕಾಯುತ್ತವೆ.

ಮೂರನೆಯದು ಕಾಯುವುದು. 2014ರಲ್ಲಿ ಲಿನಕ್ಸಿಗೆ ಒಂದು ಹೊಸ ವಿಧಾನ ಬಂತು. ತೊಟ್ಟಿ ತುಂಬುವವರೆಗೆ ಕೇಳಿದವರನ್ನು ಬಾಗಿಲಲ್ಲೇ ನಿಲ್ಲಿಸುವುದು ಅದರ ನಿಯಮ. ನ್ಯಾಯವಾದ ಮಾತೇ. ಆದರೆ 2019ರಲ್ಲಿ ಒಂದು ವಿಚಿತ್ರ ನಡೆಯಿತು. ಡಿಸ್ಕಿನ ಕೆಲಸ ಚುರುಕಾಗಲೆಂದು ತಜ್ಞರು ಒಂದು ಸುಧಾರಣೆ ಮಾಡಿದರು. ಡಿಸ್ಕನ್ನು ತಟ್ಟುವ ಸಲಗಳು ಕಡಿಮೆಯಾದುವು. ಅದರೊಡನೆ ಡಿಸ್ಕಿನಿಂದ ಸಿಕ್ಕುತ್ತಿದ್ದ ಗದ್ದಲವೂ ಕಡಿಮೆಯಾಯಿತು. ಕೆಲವು ಯಂತ್ರಗಳು ಏಳುವ ನಡುವೆಯೇ ಸ್ತಬ್ಧವಾಗಿ ನಿಂತುಬಿಟ್ಟವು. ಗದ್ದಲ ಬರಲಿ ಎಂದು ಕಾರ್ಯಕ್ರಮ ಕಾಯುತ್ತಿತ್ತು. ಕಾರ್ಯಕ್ರಮ ಮುಂದುವರಿಯದೆ ಗದ್ದಲ ಹುಟ್ಟುವಂತಿರಲಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯೇ ಸರಿ. ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್ ಅವರು ಮೊದಲು ಆ ಸುಧಾರಣೆಯನ್ನೇ ಹಿಂದಕ್ಕೆ ತೆಗೆದರು. ಮುಂದಿನ ಆವೃತ್ತಿಯಲ್ಲಿ ಬೇರೊಂದು ದಾರಿಯನ್ನಿಟ್ಟರು: ಯಂತ್ರ ಸುಮ್ಮನೆ ಕಾಯುವ ಬದಲು ತನ್ನ ಸಣ್ಣ ಕೆಲಸಗಳಿಗೆ ಹಿಡಿಯುವ ಹೊತ್ತಿನ ಅತಿ ಸೂಕ್ಷ್ಮ ಏರುಪೇರುಗಳನ್ನು ತಾನೇ ಅಳೆದು ತೊಟ್ಟಿಗೆ ಹಾಕಿಕೊಳ್ಳಬೇಕು. ಈಗಿನ ಬಹುತೇಕ ಯಂತ್ರಗಳು ಹೀಗೆ ಒಂದೆರಡು ಸೆಕೆಂಡುಗಳಲ್ಲೇ ಸಾಕಷ್ಟು ಕೂಡಿಸಿಕೊಳ್ಳುತ್ತವೆ.

ನಮ್ಮ ನಾಡಿನಲ್ಲೂ ಈ ವಿಷಯದಲ್ಲಿ ಕೆಲಸ ನಡೆದಿದೆ ಎಂಬುದು ಸಂತೋಷದ ಸಂಗತಿ. ಸರ್ ಸಿ. ವಿ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ತಂಡ ಬೆಳಕಿನ ಒಂದೊಂದೇ ಕಣವನ್ನು ಹಿಡಿದು ಪ್ರಯೋಗ ನಡೆಸಿ, ಒಂಬತ್ತು ಲಕ್ಷಕ್ಕೂ ಮಿಕ್ಕಿ ಬಿಟ್ಟುಗಳನ್ನು ಪಡೆದ ವರದಿ 2024ರಲ್ಲಿ ಪ್ರಕಟವಾಯಿತು. ಬಂದ ಅಂಕಿಗಳು ನಿಜವಾಗಿಯೂ ಊಹೆಗೆ ಮೀರಿದವೆಂದು ಪ್ರಕೃತಿನಿಯಮದ ಆಧಾರದ ಮೇಲೆಯೇ ಪ್ರಮಾಣೀಕರಿಸಬಹುದು ಎಂಬುದು ಅದರ ಹೆಗ್ಗಳಿಕೆ. ಇಂತಹ ಉಪಕರಣ ಇಂದು ಪ್ರಯೋಗಶಾಲೆಯ ಮೇಜಿನ ಮೇಲಿದೆ. ಗೋಡೆಯ ಮೇಲಿನ ಪೆಟ್ಟಿಗೆಗೆ ಇಳಿದುಬರುವುದಕ್ಕೆ ಕಾಲ ಬೇಕು.

ಇಷ್ಟೆಲ್ಲ ಓದಿದ ಮೇಲೆ, ನಮ್ಮ ಮನೆಗೆ ಇದರಿಂದೇನು ಎಂಬ ಪ್ರಶ್ನೆ ಉಳಿಯುತ್ತದೆ. ಪೆಟ್ಟಿಗೆಯ ಗುಟ್ಟು ಬಯಲಾದರೆ, ದಾರಿಯ ನಡುವೆ ಕುಳಿತ ಠಕ್ಕನು ತಾನೇ ಆ ಪೆಟ್ಟಿಗೆಯೆಂದು ನಟಿಸಿ, ಅದನ್ನು ನಡೆಸುವ ಗುಪ್ತಪದವನ್ನು ನಿಮ್ಮಿಂದಲೇ ಪಡೆದುಕೊಳ್ಳಬಹುದು. ಆಮೇಲೆ ಮನೆಯ ಹೆಬ್ಬಾಗಿಲಿಗೆ ಅವನೇ ದ್ವಾರಪಾಲಕ. ನೀವು ಒಂದು ಕಡೆಗೆ ಹೊರಟರೆ ಇನ್ನೊಂದು ಕಡೆಗೆ ದಾರಿ ತೋರಿಸಬಲ್ಲ. ಬ್ಯಾಂಕಿನ ವ್ಯವಹಾರಕ್ಕೆ ಫೋನಿನಲ್ಲೇ ಬೇರೆ ಬೀಗವಿರುವುದರಿಂದ ಎಲ್ಲವೂ ಒಮ್ಮೆಗೇ ಹೋಗಿಬಿಡುವುದಿಲ್ಲ. ಆದರೂ ಹೆಬ್ಬಾಗಿಲು ನಮ್ಮದಾಗಿಯೇ ಇರಬೇಕಷ್ಟೆ.

ಮೊದಲ ನಿಮಿಷವನ್ನು ಸರಿಪಡಿಸುವುದು ಮುಖ್ಯವಾಗಿ ಪೆಟ್ಟಿಗೆ ಮಾಡುವವರ ಹೊಣೆ. ಗೃಹಸ್ಥರು ಮಾಡಬಹುದಾದುದೂ ಸ್ವಲ್ಪ ಉಂಟು. ಪೆಟ್ಟಿಗೆಗೆ ತಯಾರಕರು ಕಳುಹಿಸುವ ತಿದ್ದುಪಡಿಗಳನ್ನು ಬಿಡದೆ ಹಾಕಿಸಿರಿ. ಹತ್ತು ವರ್ಷ ಹಳೆಯದಾಗಿ, ತಿದ್ದುಪಡಿಯೇ ಬಾರದ ಪೆಟ್ಟಿಗೆಯನ್ನು ಬದಲಾಯಿಸಿರಿ. ತಳದ ಚೀಟಿಯಲ್ಲಿ ಅಚ್ಚಾಗಿ ಬಂದ ಗುಪ್ತಪದವನ್ನೇ ಇಟ್ಟುಕೊಳ್ಳಬೇಡಿ. ಕೆಲವು ಕಾರ್ಖಾನೆಗಳು ಅದನ್ನು ಪೆಟ್ಟಿಗೆಯ ಕ್ರಮಸಂಖ್ಯೆಯಿಂದ ಲೆಕ್ಕಹಾಕಿ ಬರೆದದ್ದೂ ಉಂಟು. ಹೊಸ ಗುಪ್ತಪದ ಇಡುವಾಗ ಊರ ಹೆಸರು, ಮಗುವಿನ ಹೆಸರು, ಹುಟ್ಟಿದ ವರ್ಷ ಇವು ಬೇಡ. ಮನುಷ್ಯನ ಮನಸ್ಸೂ ಚೆನ್ನೆಮಣೆಯಂತೆಯೇ ಹಳೆಯ ಜಾಡನ್ನು ಹಿಡಿದು ಹೋಗುವಂಥದು.

ಮಕ್ಕಳ ಹಾವು-ಏಣಿ ಆಟದ ದಾಳವನ್ನು ತೆಗೆದುಕೊಂಡು ಇಪ್ಪತ್ತೈದು ಸಲ ಎಸೆದು, ಬಿದ್ದ ಅಂಕಿಗಳನ್ನು ಸಾಲಾಗಿ ಬರೆದಿಟ್ಟುಕೊಂಡರೆ ಒಳ್ಳೆಯ ಗುಪ್ತಪದವಾಯಿತು. ಹತ್ತು ಎಸೆತಗಳಿಗೇ ಆರು ಕೋಟಿಗೆ ಮಿಕ್ಕಿ ಬಗೆಗಳಿವೆ. ಇಪ್ಪತ್ತೈದಕ್ಕೆ ಬರುವ ಲೆಕ್ಕ ಇಪ್ಪತ್ತು ಅಂಕಿಗಳಷ್ಟು ಉದ್ದ. ಬಂದ ಅಂಕಿ ಚೆನ್ನಾಗಿಲ್ಲವೆಂದು ಮತ್ತೆ ಎಸೆಯಬೇಡಿ, ನಡುವೆ ನಿಮ್ಮ ಇಷ್ಟದ ಅಂಕಿಯನ್ನೂ ಸೇರಿಸಬೇಡಿ. ದಾಳ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು, ಕಾಗದವನ್ನು ಮನೆಯ ಪತ್ರಗಳೊಡನೆ ಜೋಪಾನವಾಗಿ ಇಡಿ.